ಸೋಸಿದ ಹಿಟ್ಟು

ನರಗುಂದದ ಗುಡ್ಡದ ಮ್ಯಾಲಿನ ಕೋಟಿ ಇನ್ನೂ ಅರಸರ ಕೈಯಾಗ ಇದ್ದ ಕಾಲ. ಪ್ಯಾಟಿಯೊಳಗ ಕಾಳಿನ ವ್ಯಾಪಾರ ಮಾಡೋ ಪ್ರಭುಲಿಂಗಪ್ಪ ಸಾಹುಕಾರ ಎಂಟು ದಿನದಿಂದ ತಂಬಿಗಿ ಹಿಡಿದು ಬಯಲಿಗೆ ಹೋಗಿರಲಿಲ್ಲ. ನಗಬ್ಯಾಡ್ರಿ. ಹೊಟ್ಟಿ ಉಬ್ಬಿ ಕಲ್ಲಾಗಿ, ಮನಿಷ್ಯಾ ನರಳಿ ನರಳಿ ಸಾಯಾಕ ಹತ್ತಿದ್ದ.

ಆ ಮನಿಯೊಳಗ ಎಲ್ಲಾರಕಿಂತ ಹೆಚ್ಚು ಅಂಜಿದಾಕಿ ಅಂದ್ರ ಬೀಸಾಕ ಬರತಿದ್ದ ಕರೆವ್ವ. ಯಾಕಂದ್ರ ಕೊಣ್ಣೂರಿಂದ ಕರೆಸಿದ ಮಂತ್ರಗಾರ ಅಂಗಳದಾಗ ನಿಂತು ಹೇಳಿಬಿಟ್ಟಿದ್ದ: "ಈ ಹೊಟ್ಟಿಗೆ ಯಾರೋ ಕಟ್ಟು ಹಾಕ್ಯಾರ. ಊಟದಾಗ ಕೈ ಇಟ್ಟವರ ಹಾಕ್ಯಾರ. ಅಮಾಸಿಗೆ ಬಂದು ಆ ಕೈಗೆ ಕಾಸಿದ ಕಬ್ಬಿಣದ ಸಳಿಲೆ ಬರೆ ಎಳೀತೀನಿ."

ಎಲ್ಲಾರ ಕಣ್ಣೂ ಕರೆವ್ವನ ಕೈ ಮ್ಯಾಲೆ ಬಿದ್ದವು. ಅಮಾಸಿಗೆ ನಾಕ ದಿನ ಉಳಿದಿತ್ತು.

ಸಾಹುಕಾರ್ತಿ ನೀಲವ್ವ ಕೆಟ್ಟಾಕಿ ಅಲ್ಲರಿ, ಗಂಡನ ಮ್ಯಾಲೆ ಜೀವಾನ ಇಟ್ಟಾಕಿ. ಮೂರು ವರ್ಷದ ಹಿಂದ ವ್ಯಾಪಾರ ಕುದುರಿದ ಮ್ಯಾಲೆ, "ನಮ್ಮವರ ಬಾಯಿಗೆ ಕಸಾ ಹೋಗಬಾರದು" ಅಂತ ಜೋಳದ ರೊಟ್ಟಿ, ಕಾಳು, ಸೊಪ್ಪು ಎಲ್ಲಾ ಬಿಡಿಸಿದಳು. ಗೋದಿ ಹಿಟ್ಟು ಸಾಣಿಸಿ, ಮತ್ತ ತೆಳ್ಳನ್ನ ಬಟ್ಟಿಯೊಳಗ ಸೋಸಿ, ತುಪ್ಪದ ಚಪಾತಿ ಉಣಸತಿದ್ದಳು. ಸಾಹುಕಾರಗ ಎಂಟು ಚಪಾತಿ ಉಂಡರೂ ಹಸಿವು ಹಿಂಗತಿರಲಿಲ್ಲ. ಬಂಡಿ ಹತ್ತಿಸಾಕ ಇಬ್ಬರು ಬೇಕು, ಅಷ್ಟು ಮೈ ಬಂದಿತ್ತು. ಸೋಸಿ ಉಳಿದ ತೌಡು ಕರೆವ್ವನ ಕೂಲಿ. ಆಕಿ ಮನಿ ಮಂದಿಗೆ ಅದರದ ರೊಟ್ಟಿ.

"ಕರೆವ್ವಾ, ಇನ್ನೂ ಸಣ್ಣ ಸೋಸು. ತೌಡಿನ ವಾಸನಿನೂ ಇರಬಾರದು ನೋಡು," ಅಂದಳು ನೀಲವ್ವ.

"ಹೂಂನ್ರಿ ಯವ್ವಾ," ಅಂದಳು ಕರೆವ್ವ.

ಬೀಸುಕಲ್ಲಿನ ಮುಂದ ಕುಂತು ಲೆಕ್ಕಾ ಹಾಕಿದಳು. ತೌಡು ತಿನ್ನೋ ತನ್ನ ಮನ್ಯಾಗ ಒಬ್ಬರಿಗೂ ಹೊಟ್ಟಿ ಕಟ್ಟಿಲ್ಲ. ಇದನ್ನ ಹೇಳಿದ್ರ, ಸಾಹುಕಾರಗ ಕಸಾ ತಿನ್ನಸಂತೀಯೇನ ಅಂತ ಹಲ್ಲು ಉದರಸತಾರ. ಹೇಳದ ತೌಡು ಕಲಸಿ, ಆ ಮನಿಷ್ಯಾ ಸತ್ತರ? ವಿಷಾ ಹಾಕಿದಾಕಿ ಅಂತ ಜೀವಾನ ತಗೀತಾರ. ಸುಮ್ಮನ ಕುಂತ್ರ ಕೈ ಸುಡತಾವ, ಸುಟ್ಟ ಕೈಲೆ ಬೀಸೂದು ಹ್ಯಾಂಗ, ತಿನ್ನೂದು ಏನು? "ಶಿವನ, ನೀನ ಕಾಯಪಾ" ಅಂತ ತೌಡನ್ನೆಲ್ಲಾ ಮತ್ತೊಮ್ಮೆ ಸಣ್ಣಗ ಬೀಸಿ ಹಿಟ್ಟಿನಾಗ ಸುರುವಿಬಿಟ್ಟಳು.

"ಹಿಟ್ಟು ಯಾಕ ಕೆಂಪಗೈತಿ?" ಅಂದಳು ನೀಲವ್ವ.

ಕರೆವ್ವ ಬೀಸುಕಲ್ಲು ಒರಸಕೋತ ಅಂದಳು: "ಗೋದಿನ ಹಂಗ ಐತ್ರಿ."

ನೋವಿನ್ಯಾಗೂ ಊಟ ಬಿಡದ ಸಾಹುಕಾರ ಅವತ್ತ ಎರಡು ಚಪಾತಿಗೆ ಸಾಕಂದ. ನೀರು ಕೇಳಿದ, ಮಜ್ಜಿಗಿ ಕೇಳಿದ, ಮತ್ತ ನೀರು ಕೇಳಿದ. "ಅಯ್ಯ, ಊಟಾನೂ ಬಿಟ್ಟರಲ್ಲವಾ!" ಅಂತ ನೀಲವ್ವ ಅತ್ತಳು. ಮೂರನೇ ದಿನ ಹೊಟ್ಟಿಯೊಳಗ ಗುಡುಗುಡು ಸಪ್ಪಳ ಶುರುವಾತು. ಮುಗೀತು, ಕೊಂದೆ ಅಂತ ಕರೆವ್ವ ಗ್ವಾಡಿಗೆ ಒರಗಿ ಕುಂತಳು.

ಅಮಾಸಿ ಮುಂಜಾನೆ ಮಂತ್ರಗಾರ ಬಂದು ಅಂಗಳದ ಒಲಿಯೊಳಗ ಸಳಿ ಇಟ್ಟ. ಕರೆವ್ವನ್ನ ಹಿಡಿದು ಮುಂದ ಕುಂಡರಿಸಿದರು. ಅಷ್ಟರಾಗ ಒಳಗಿಂದ ಒದರಿದ್ದು ಕೇಳಿತು: "ತಂಬಿಗಿ! ಲಗೂ ತಂಬಿಗಿ ತರ್ರಿ!"

ಬರಿಗಾಲಿಲೆ ಓಡಿದ ಸಾಹುಕಾರ ಭಾಳ ಹೊತ್ತಿನ ಮ್ಯಾಲೆ ತಿರುಗಿ ಬಂದು, "ಬದುಕಿದ್ನಪಾ" ಅಂತ ಒಳಗ ಹೋಗಿ ಮಲಗಿದ.

ಮಂತ್ರಗಾರ ಮಾತ್ರ ಸಳಿ ಬಿಡಲಿಲ್ಲ. "ಕಟ್ಟು ಬಿಚ್ಚೇತಿ ಖರೇ. ಹಾಕಿದ ಕೈಗೆ ಬರೆ ಬೀಳಲಿಲ್ಲಂದ್ರ ಅದ ಕೈ ಮತ್ತ ಹಾಕತೈತಿ."

ನೀಲವ್ವ ಕರೆವ್ವನ ರಟ್ಟಿ ಹಿಡಿದು ಅಡಗಿಮನಿಗೆ ಎಳಕೊಂಡು ಹೋದಳು. "ಖರೇ ಹೇಳು, ಏನು ಮಾಡಿದಿ?"

ಕರೆವ್ವ ಕಾಲು ಹಿಡಿದಳು. "ತೌಡು ಹಿಟ್ಟಿನಾಗ ಹಾಕಿದ್ನಿರಿ ಯವ್ವಾ, ಅದ ಉಂಡು ನಮ್ಮ ಹೊಟ್ಟಿ ನೆಟ್ಟಗ ಅದಾವಂತ. ಸೋಸಿದಾಗಿಂದ ಅವರಿಗೆ ಹಿಂಗಾತ್ರಿ. ಬ್ಯಾರೆ ಏನೂ ಮಾಡಿಲ್ಲ, ನಿಮ್ಮ ಪಾದದಾಣಿ."

ನೀಲವ್ವ ಆಕಿ ರಟ್ಟಿ ಬಿಟ್ಟಳು. ಮೂರು ವರ್ಷ, ದಿನಾ, ಮುಂದ ನಿಂತು ಸೋಸಿಸಿದಾಕಿ ತಾನ. ಹಂಗಂದ್ರ ಕಟ್ಟು ಹಾಕಿದ ಕೈ ತನ್ನದ.

"ಸಳಿ ಕೆಂಪಗಾತು!" ಹೊರಗಿಂದ ಮಂತ್ರಗಾರ ಒದರಿದ. "ಯಾರ ಕೈ ಅದು? ತರ್ರಿ ಹೊರಗ!"

ನೀಲವ್ವ ತನ್ನ ಎರಡೂ ಕೈ ಸೆರಗಿನಾಗ ಮುಚ್ಚಿಕೊಂಡಳು. "ಕರೆವ್ವಾ, ನನ್ನವ್ವಾ," ಅಂದಳು, "ಹೇಳಬ್ಯಾಡ."