ಎರಡು ನಿಮಿಷ ಹೆಚ್ಚು

ಗಂಡ ಹಾಸಿಗೆಯಿಂದ ಎದ್ದು ಬಂದದ್ದು ಅವಳಿಗೆ ಕೇಳಿಸಲಿಲ್ಲ. ಗಾಜಿನ ಜಗ್ಗಿನ ಮೇಲೆ, ಗಡಿಯಾರ ರಿಪೇರಿಯವನಾದ ಅವನೇ ಹನ್ನೊಂದು ವರ್ಷದ ಹಿಂದೆ ಬೆಸುಗೆ ಹಾಕಿ ಮಾಡಿದ್ದ ಸ್ಟೀಲ್ ಜಾಲರಿ ಕೂತಿತ್ತು. ಅದರೊಳಗೆ ಕಾಗದದ ಫಿಲ್ಟರ್ ಇಟ್ಟು, ಕಾಫಿಪುಡಿ ಹಾಕಿ, ಅವಳು ಬಿಸಿನೀರು ಸುರಿಯುತ್ತಿದ್ದಳು.

"ಮೂರು ನಿಮಿಷಕ್ಕೆ ಇಳೀತಿದ್ದ ಕಾಫಿ ಒಂದು ತಿಂಗಳಿಂದ ಐದು ನಿಮಿಷ ತಗೊಳ್ತಿದೆ," ಎಂದ ಅವನು ಬಾಗಿಲಲ್ಲೇ ನಿಂತು. "ಮಲಗಿದಲ್ಲಿಂದ ದಿನಾ ತೊಟ್ಟಿಕ್ಕೋದು ಕೇಳ್ತಿದ್ದೆ. ಯಾಕೆ ಅಂತ ಈಗ ಗೊತ್ತಾಯ್ತು."

ಅವಳು ಕೆಟಲ್ ಕೆಳಗಿಟ್ಟಳು.

ಅಂಗಡಿಯಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದ್ದವನನ್ನು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: ಜಾಲರಿಯಲ್ಲಿ ಸೋಸಿದರೆ ಕಾಫಿಯ ಎಣ್ಣೆಯಂಶವೂ ಇಳಿಯುತ್ತದೆ, ನಿಮ್ಮ ಕೊಲೆಸ್ಟ್ರಾಲಿಗೆ ಅದು ಒಳ್ಳೆಯದಲ್ಲ, ಕಾಗದದಲ್ಲಿ ಸೋಸಿ ಕುಡಿಯಿರಿ. ಕೆಟ್ಟದ್ದನ್ನು ಸರಿಮಾಡುವುದೇ ಕಸುಬಾದವನಿಗೆ ಒಮ್ಮೆ ಬಳಸಿ ಬಿಸಾಡುವುದೆಂದರೆ ಮೈ ಉರಿಯುತ್ತಿತ್ತು. ಅವಳು ಎರಡು ಸಲ ಕೇಳಿ, ಎರಡು ಸಲವೂ ಬೈಸಿಕೊಂಡು, ಆಮೇಲೆ ಕೇಳದೆಯೇ ಕಾಗದ ತಂದಿದ್ದಳು.

"ಕಾಫಿ ಸಪ್ಪೆ ಅಂದಾಗ ಏನಂದೆ ನೀನು? ಮಾತ್ರೆಯಿಂದ ನಾಲಿಗೆ ಕೆಟ್ಟಿದೆ ಅಂದೆ! ನಾನೂ ಪೆದ್ದನ ಹಾಗೆ ನಂಬಿದೆ."

"ಕೂಗಾಡಬೇಡಿ. ಡಾಕ್ಟ್ರು ಹೇಳಿದ್ದು..."

"ಡಾಕ್ಟ್ರ ಮಾತು ಬಿಡು. ನನ್ನ ಕಣ್ಣಿಗೆ ಮಣ್ಣೆರಚಿದ್ದು ನೀನು."

ಮಾತ್ರೆಯನ್ನೂ ನುಂಗದೆ, ಚಪ್ಪಲಿ ಮೆಟ್ಟಿ ಹೊರಟೇಹೋದ.

ಹತ್ತು ಗಂಟೆಯವರೆಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮಾತ್ರೆ ಡಬ್ಬಿ ಹಿಡಿದು ಅಂಗಡಿಗೆ ಓಡಿದಳು. ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಸುಳಿದರೆ, ಅವನು ಮೇಜಿಗೆ ತಲೆಯಾನಿಸಿ ಕೂತಿದ್ದ.

"ರೀ!"

ತಲೆಯೆತ್ತಿದ. "ಸತ್ತಿಲ್ಲ ಕಣೇ. ಯೋಚನೆ ಮಾಡ್ತಿದ್ದೆ."

ಗಿರಾಕಿಗಳ ಸ್ಟೂಲಿನ ಮೇಲೆ ಅವಳು ದೊಪ್ಪನೆ ಕೂತಳು. "ಅವತ್ತು ಊಟದ ಡಬ್ಬಿ ತಂದವಳು ನಿಮ್ಮನ್ನ ಇದೇ ನೆಲದ ಮೇಲೆ ನೋಡಿದೆ. ಎಷ್ಟು ಕರೆದ್ರೂ ಓಗೊಡಲಿಲ್ಲ ನೀವು. ನಿಮಗದು ನೆನಪಿಲ್ಲ, ನನಗಿದೆ. ಸುಳ್ಳು ಹೇಳಿದ್ದು ತಪ್ಪೇ. ಆದ್ರೆ ಅದನ್ನ ಇನ್ನೊಂದ್ಸಲ ನೋಡೋ ತಾಕತ್ತು ನನಗಿಲ್ಲ."

ಅವನು ಅವಳ ಕೈಯಲ್ಲಿದ್ದ ಡಬ್ಬಿ ತೆಗೆದುಕೊಂಡು ಮಾತ್ರೆ ನುಂಗಿದ.

"ಹೇಳಿ ಮಾಡು. ಬೈತೀನಿ, ಬೈಸ್ಕೋ. ಕದ್ದು ಮಾತ್ರ ಮಾಡ್ಬೇಡ."

"ಹಾಗಾದ್ರೆ ಈಗಲೇ ಹೇಳ್ತಿದೀನಿ. ನಾಳೆನೂ ಕಾಗದವೇ."

"ದರಿದ್ರದ್ದು, ಬರೀ ಸಪ್ಪೆ," ಎಂದು ಗೊಣಗಿದನೇ ಹೊರತು ಬೇಡ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಕಾಗದದ ಅಂಚನ್ನು ಅವನೇ ಮಡಿಸಿ ಕೂರಿಸಿದ. ಪುಡಿ ಒಂದು ಚಮಚ ಜಾಸ್ತಿಯೇ ಹಾಕಿದ. ಅವಳು ನೋಡಿಯೂ ನೋಡದವಳಂತೆ ನೀರು ಕಾಯಿಸಿದಳು.