ಬರೀ ಬಣ್ಣದ ಪಟ

ಮದುವೆ ಫೋಟೋಗೆ ಹೊಸ ಗಾಜು ಹಾಕಿಸಲು ಹುಣಸೂರಿನ ಅಬ್ದುಲ್ ಅಜೀಜರ ಫ್ರೇಮ್ ಅಂಗಡಿಗೆ ಹೋಗಿದ್ದ ಪದ್ಮಶ್ರೀ, ಎರಡು ದೊಡ್ಡ ಪಟಗಳನ್ನೂ ಹಿಡಿದುಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಬೀಚನಹಳ್ಳಿ ಕಡೆಯ ಯಾವುದೋ ರೆಸಾರ್ಟಿಗೆ ಚೌಕಟ್ಟು ಹಾಕಿಕೊಟ್ಟು ಉಳಿದವು. ದೊಡ್ಡ ಕಲಾವಿದರ ಚಿತ್ರದ ಅಚ್ಚುಪ್ರತಿಗಳಂತೆ. ಒಂದರಲ್ಲಿ ಕೆಂಪು, ಅರಿಸಿನ ಬಣ್ಣಗಳು ಕಲಸಿಕೊಂಡಿದ್ದವು. ಇನ್ನೊಂದು ಪೂರಾ ನೀಲಿ.

"ಇದ್ರಲ್ಲಿ ಏನಿದೆ ಅಜೀಜಣ್ಣ?" ಎಂದು ಕೇಳಿದ್ದಳು.

"ಆರು ತಿಂಗಳಿಂದ ನೋಡ್ತಾ ಇದೀನಿ ಕಣಮ್ಮ. ಗೊತ್ತಾಗಿಲ್ಲ. ಬೇಜಾರೂ ಆಗಿಲ್ಲ."

ಆ ಮಾತಿಗೇ ಕೊಂಡಿದ್ದಳು. ಅಳುಕಿದ್ದದ್ದು ಅತ್ತೆ ವಿಮಲಮ್ಮನ ಬಗ್ಗೆ. ಪರದೆ ಬಟ್ಟೆಗೂ ತಕರಾರು ತೆಗೆಯುವ ಹೆಂಗಸು.

ಗಂಡ ಶಿವಶಂಕರ್ ಮೊಳೆ ಹೊಡೆಯುತ್ತಾ, "ಪೇಂಟ್ ಚೆಲ್ಲಿದಂಗೈತೆ" ಎಂದ. ಪಕ್ಕದ ಮನೆ ಸುಕನ್ಯ ಬಂದು, "ಯಾವ್ ದೇವ್ರು ಇದು?" ಎಂದಳು. ವಿಮಲಮ್ಮ ಮಾತ್ರ "ಚೆನ್ನಾಗದೆ ಬುಡು" ಎಂದು ಕುರ್ಚಿಯಲ್ಲಿ ಕೂತರು. ಪದ್ಮಶ್ರೀಗೆ ಆಗ ನಿರಾಳವಾಯಿತು. ಸಂಜೆಯ ಹೊತ್ತಿಗೆ ಅದೇ ಒಪ್ಪಿಗೆ ಚುಚ್ಚತೊಡಗಿತು.

ಮರುದಿನ ಬೆಳಗ್ಗೆ ಶಿವಶಂಕರ್ ಹೊಗೆಸೊಪ್ಪಿನ ಹರಾಜಿಗೆ ಹೊರಟ ಮೇಲೆ ಅತ್ತೆಗೆ ಕಾಫಿ ಕೊಟ್ಟು, "ಪಟ ನಿಜವಾಗ್ಲೂ ಇಷ್ಟ ಆಯ್ತಾ?" ಎಂದು ಕೇಳಿದಳು.

ವಿಮಲಮ್ಮ ಲೋಟ ಕೆಳಗಿಟ್ಟರು. ಆಮೇಲೆ, "ನಂಗೆ ಬರೀ ಬಣ್ಣ ಕಾಣ್ತದೆ ಕಣವ್ವ. ನೀನು ದೇವ್ರ ಪಟ ತಂದಿದ್ದೀಯ, ನನ್ ಕಣ್ಣಿಗೇ ಕಾಣ್ತಿಲ್ಲ ಅಂದ್ಕಂಡು ಸುಮ್ನಾದೆ" ಎಂದರು.

"ಅದ್ರಲ್ಲಿರೋದೇ ಬಣ್ಣ ಅತ್ತೆ. ದೇವ್ರಿಲ್ಲ."

"ಕ್ಯಾಲೆಂಡರೂ ಅಂಗೇ ಕಾಣೋದು. ನಿನ್ ಮೊಕಾನೂ ಅಂಗೇಯ."

ವರ್ಷದಿಂದ ಹೀಗಿತ್ತಂತೆ. ಪಾತ್ರೆಯನ್ನು ಮುಟ್ಟಿ, ಜನರನ್ನು ದನಿಯಿಂದ ಗುರುತಿಸುತ್ತಿದ್ದರು. ಅವರ ತಾಯಿಗೆ ಎರಡೂ ಕಣ್ಣು ಹೋದಾಗ ಮನೆಯವರು ಒಲೆ ಹತ್ತಿರ ಬಿಡದೆ ಜಗುಲಿ ಮೂಲೆಯಲ್ಲಿ ಕೂರಿಸಿದ್ದರು. ತನಗೂ ಅದೇ ಗತಿ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಮುಂಗೈ ಸುಟ್ಟುಕೊಂಡಾಗ ಒಗ್ಗರಣೆ ಸಿಡಿಯಿತು ಅಂದಿದ್ದನ್ನು ಪದ್ಮಶ್ರೀ ನಂಬಿದ್ದಳು.

ಅವತ್ತೇ ಕೆಲಸಕ್ಕೆ ರಜೆ ಹಾಕಿ ಅತ್ತೆಯನ್ನು ಹುಣಸೂರಿನ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು. ಕಣ್ಣಿಗೆ ಹನಿ ಹಾಕಿ ಕೂರಿಸಿದ ಒಂದು ಗಂಟೆಯೂ ವಿಮಲಮ್ಮ ಸೊಸೆಯ ಸೆರಗು ಬಿಡಲಿಲ್ಲ.

ಡಾಕ್ಟರಮ್ಮ ದೀಪ ಆರಿಸಿ ಹೇಳಿದರು. "ಎರಡಕ್ಕೂ ಪೊರೆ ಬಂದಿದೆ. ಒಳಗಿನ ನರ ಚೆನ್ನಾಗಿದೆ. ಆಪರೇಷನ್ ಮಾಡಿದ್ರೆ ಕಾಣುತ್ತೆ."

"ಪೂರಾ ಓಗ್ಬುಡಕಿಲ್ವಾ?"

"ಇಲ್ಲಮ್ಮ."

ವಿಮಲಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. "ಒಟ್ಟೆ ಅಸೀತಾ ಅದೆ" ಎಂದರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಚಟ್ನಿಗೆ ಉಪ್ಪು ಜಾಸ್ತಿ ಎಂದು ಮಾಣಿಗೆ ಹೇಳಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಊರು ದಾಟುವಷ್ಟರಲ್ಲಿ ಸೊಸೆಯ ಹೆಗಲಿಗೆ ಒರಗಿ ನಿದ್ದೆ ಹೋದರು. ಪಿರಿಯಾಪಟ್ಟಣ ಬರುವವರೆಗೂ ಪದ್ಮಶ್ರೀ ಅಲುಗಾಡಲಿಲ್ಲ.