ಅಟ್ಟದ ಮೇಲಿದ್ದ ತಟ್ಟೆ

ಸ್ಟೂಲು ಅಲುಗದಂತೆ ಸತ್ಯವತಿ ಕೆಳಗಿನಿಂದ ಹಿಡಿದುಕೊಂಡಿದ್ದರು. ವೆಂಕಟಸುಬ್ಬಯ್ಯನವರು ಅಟ್ಟದೊಳಕ್ಕೆ ಭುಜದವರೆಗೂ ಕೈ ತೂರಿಸಿ, ಮಗಳ ಮದುವೆಯ ಹಸೆಮಣೆಯನ್ನು ಒಂದು ಪಕ್ಕಕ್ಕೆ, ಸೋರುವ ಹಂಡೆಯನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಪೊಟ್ಟಣ ಬೆರಳಿಗೆ ತಗುಲಿತು. ಎಳೆದಾಗ ಸುತ್ತಿದ್ದ ಪೇಪರು ಹರಿದು, ಹಿಟ್ಟಿನಂಥ ಹಳದಿ ಪುಡಿ ಮುಖದ ಮೇಲೆಲ್ಲ ಉದುರಿತು.

“ಹುಳ ಬಿದ್ದಿದೆ,” ಎಂದರು.

“ಎರಡು ವರ್ಷ ಹೊಗೆ ಕಾಣದೆ ಇದ್ರೆ ಇನ್ನೇನಾಗತ್ತೆ,” ಎಂದರು ಸತ್ಯವತಿ. “ಚಿಕ್ಕಮುನಿಯಮ್ಮ ತಟ್ಟೇನ ಬಚ್ಚಲೊಲೆ ಮೇಲೆ ನೇತುಹಾಕ್ತಿದ್ಳು.”

ಅರ್ಧ ಗಂಟೆಯ ಹಿಂದೆ ಚಿಕ್ಕಮುನಿಯಮ್ಮನ ಮಗ ಕೃಷ್ಣಪ್ಪ ಗೇಟಿನ ಹೊರಗೇ ನಿಂತು ಸುದ್ದಿ ಹೇಳಿ ಹೋಗಿದ್ದ. ಬೆಳಗಿನ ಜಾವ ತಾಯಿ ನೀರು ಕೇಳಿದಳಂತೆ, ತರುವಷ್ಟರಲ್ಲಿ ಮುಗಿದಿತ್ತಂತೆ. ಮಧ್ಯಾಹ್ನ ಮೂರಕ್ಕೆ ಮಣ್ಣು. ಹದಿನೈದು ವರ್ಷ ಈ ಮನೆಯ ಪಾತ್ರೆ ತೊಳೆದವಳು. ಹಿಂದಿನ ಸಂಜೆಯೂ, ಶನಿವಾರದ ವಾಚನ ಮುಗಿದ ಮೇಲೆ, ಹದಿನಾಲ್ಕು ಲೋಟ ತೊಳೆದು ಬೋರಲು ಹಾಕಿ, ಬತ್ತೀನವ್ವಾ ಎಂದು ಹೇಳಿ ಹೋಗಿದ್ದಳು.

ವೆಂಕಟಸುಬ್ಬಯ್ಯನವರು ತಟ್ಟೆಯನ್ನು ವರಾಂಡಕ್ಕೆ ತಂದು ಒರೆಸಿದರು. ಅಗಲವಾದ ಬಿದಿರಿನ ತಟ್ಟೆ. ಅಂಚಿನ ದಬ್ಬೆ ಒಂದು ಕಡೆ ಬಿಚ್ಚಿಕೊಂಡು ಗೇಣುದ್ದ ಹೊರಗೆ ಚಾಚಿತ್ತು. ಹೊಟ್ಟೆಯ ಹೆಣಿಗೆ ಮಾತ್ರ ಗಟ್ಟಿಯಾಗಿತ್ತು. ತಳಕ್ಕೆ ಅವಳು ವರ್ಷವರ್ಷ ಬಳಿದಿದ್ದ ಮೆಂತ್ಯದ ಹಿಟ್ಟು, ನೆನೆಸಿದ ಕಾಗದದ ಲೇಪ ಕಲ್ಲಿನಂತೆ ಹಿಡಿದಿತ್ತು. ಹುಳ ತಿಂದಿದ್ದು ಅಂಚನ್ನಷ್ಟೇ.

“ಈಗ ತಗೊಂಡು ಹೋಗಿ ಏನ್ ಮಾಡ್ತೀರಿ?” ಎಂದು ಸತ್ಯವತಿ ಕೇಳಿದರು.

ಅವಳದ್ದು, ಅವಳ ಮನೆಗೆ ಸೇರಲಿ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

*

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಶನಿವಾರದ ಕಾವ್ಯವಾಚನ ಶುರುವಾದದ್ದು ಎಪ್ಪತ್ತಮೂರರಲ್ಲಿ. ವೆಂಕಟಸುಬ್ಬಯ್ಯನವರು ಸ್ಟೋರ್ಸಿನಲ್ಲಿ ಗುಮಾಸ್ತರು, ಆದರೆ ತಾತನಿಂದ ಕಲಿತ ಕಂಠ. ಮೊದಲ ಪಾಳಿ ಮುಗಿಸಿ ಬರುವ ಹತ್ತು ಹನ್ನೆರಡು ಜನ ಹಾಲಿನಲ್ಲಿ ಜಮಖಾನದ ಮೇಲೆ ಕೂರುತ್ತಿದ್ದರು. ಅಷ್ಟು ಜನಕ್ಕೆ ಕಾಫಿಪುಡಿ ಎಲ್ಲಿಂದ ತರುವುದು, ಹಾಗಾಗಿ ಟೀ.

ಮೊದಲ ವಾರ ಚಿಕ್ಕಮುನಿಯಮ್ಮ ಹಿತ್ತಾಳೆ ಪರಾತದಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಳು. ಲೋಟ ಪರಾತಕ್ಕೆ ತಾಕಿ ಗಣಗಣ ಎಂದಿತು. ವೆಂಕಟಸುಬ್ಬಯ್ಯನವರು ಪದ್ಯದ ನಡುವೆ ನಿಲ್ಲಿಸಿ ಅವಳ ಕಡೆ ನೋಡಿದರು. ಮುಂದಿನ ವಾರ ಅವಳು ಸೆರಗಿನ ಕೆಳಗೆ ಈ ತಟ್ಟೆಯನ್ನು ಇಟ್ಟುಕೊಂಡು ಬಂದಳು. ಗಂಡ ನಲ್ಲಪ್ಪ ಬದುಕಿದ್ದಾಗ ಹೆಣೆದುಕೊಟ್ಟಿದ್ದನಂತೆ. ಹನ್ನೆರಡು ಲೋಟ ಇಟ್ಟರೂ ಹೆಣಿಗೆ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ, ಮಾತಾಡುವುದಿಲ್ಲ ಎಂದು ಸತ್ಯವತಿಗೆ ಹೇಳಿದಳಂತೆ.

ಅಂದಿನಿಂದ ವಾಚನದ ನಡುವೆ ಟೀ ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊಣಕಾಲ ಬಳಿ ಒಂದು ಲೋಟ ಇರುತ್ತಿತ್ತು, ಅಷ್ಟೆ. ಹನ್ನೆರಡು ಲೋಟ ಹಂಚಲು ಅವಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಖಾಲಿ ಲೋಟ ಒಯ್ಯುವಾಗ ಒಂದೊಂದನ್ನೇ ಎತ್ತಿಕೊಳ್ಳುವಳು. ಕೆಲಸವಿಲ್ಲದಾಗ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುವಳು. ಟೀ ಆರಿಹೋಗತ್ತಲ್ಲೇ ಎಂದು ಸತ್ಯವತಿ ಗದರುತ್ತಿದ್ದರು. ವಯಸ್ಸಾಯಿತು, ನಿಧಾನ, ಎಂದು ವೆಂಕಟಸುಬ್ಬಯ್ಯನವರು ತಿಳಿದುಕೊಂಡಿದ್ದರು.

ಒಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೊಂದು ಶನಿವಾರ ತಟ್ಟೆಯ ಅಂಚು ಬಿಚ್ಚಿಕೊಂಡು ಒಂದು ಲೋಟ ಉರುಳಿತು.

“ಕೊಡಿಲ್ಲಿ,” ಎಂದು ಅವರೇ ಕೈಚಾಚಿದ್ದರು. “ಪೇಟೇಲಿ ಮೇದರವನಿಗೆ ಕೊಟ್ಟು ಕಟ್ಟಿಸ್ಕೊಂಡು ಬರ್ತೀನಿ.”

ಎರಡೂ ಕೈಯಲ್ಲಿ ಕೊಟ್ಟಿದ್ದಳು.

*

ದೊಡ್ಡನೆಕ್ಕುಂದಿಯಲ್ಲಿ ಚಿಕ್ಕಮುನಿಯಮ್ಮನ ಮನೆಯ ಮುಂದೆ ಚಿಕ್ಕಬೈರಪ್ಪ ಹಸಿ ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದ. ಸತ್ತವಳ ತಮ್ಮ. ಎರಡು ಉದ್ದನೆಯ ಗಳ, ಅಡ್ಡಕ್ಕೆ ಏಳು ತುಂಡು. ಮಚ್ಚಿನ ಏಟಿಗೆ ಬಿದಿರು ಒಂದೇ ಸಮ ಸೀಳುತ್ತಿತ್ತು. ಪಕ್ಕದಲ್ಲಿ ತಮಟೆಯವರು ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು.

ಜಗುಲಿಯ ಮೇಲೆ ಚಿಕ್ಕಮುನಿಯಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ. ವೆಂಕಟಸುಬ್ಬಯ್ಯನವರು ಮೆಟ್ಟಿಲ ಬಳಿ ನಿಂತುಬಿಟ್ಟರು. ಅವಳು ಕೂತಿದ್ದನ್ನು ಅವರು ನೋಡಿದ್ದು ಇದೇ ಮೊದಲು.

ಸೊಸೆ ಭಾಗ್ಯಮ್ಮ ಎದ್ದು ಬಂದಳು. ಅತ್ತು ಅತ್ತು ದನಿ ಕಟ್ಟಿತ್ತು. ಚಾಪೆ ಹಾಸಿ, ಕೂತ್ಕಳಿ ಸ್ವಾಮಿ ಎಂದಳು. ಕಂಕುಳಲ್ಲಿದ್ದ ಪೊಟ್ಟಣದ ಕಡೆ ಅವಳ ಕಣ್ಣು ಹೋಯಿತು. ಹರಿದ ಪೇಪರಿನ ಸಂದಿಯಿಂದ ಬಿದಿರು ಕಾಣುತ್ತಿತ್ತು.

“ತಟ್ಟೆನಾ?” ಎಂದಳು. “ಅಂತೂ ಕೊಟ್ನಾ ಆ ಮೇದರೋನು? ಅವನ ಕೈ ಸೇದೋಗ. ಎರಡು ವರ್ಸ ಮಡಿಕ್ಕಂಡು, ಇವತ್ತು ಕೊಟ್ಟವ್ನಲ್ಲ.”

ಅವರು ಚಾಪೆಯ ಮೇಲೆ ಕೂತರು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡರು.

ಭಾಗ್ಯಮ್ಮ ಪಕ್ಕದ ಹೆಂಗಸಿಗೆ ವಿವರಿಸತೊಡಗಿದಳು. ಅತ್ತೆ ಶನಿವಾರ ಬಂದರೆ ಊಟಕ್ಕೆ ಮೊದಲು ಕತೆ. ಮುದ್ದೆ ತಿರುವುತ್ತ ತಿರುವುತ್ತ, ಸ್ವಾಮಿಯವರು ಇವತ್ತು ಇಷ್ಟು ಓದಿದರು ಎಂದು ಹೇಳುತ್ತಿದ್ದಳು. ಪದ್ಯ ಬಾಯಿಗೆ ಬರುತ್ತಿರಲಿಲ್ಲ, ರಾಗ ಬರುತ್ತಿತ್ತು. ರಾಗವನ್ನು ಮೂಗಿನಲ್ಲಿ ಗುನುಗಿ, ಕತೆಯನ್ನು ತನ್ನ ಮಾತಿನಲ್ಲಿ ಹೇಳುವಳು. ಒಂದು ರಾಜ್ಯ ಕಳಕೊಂಡ ರಾಣಿಯ ಕತೆ ಬಂದಿತ್ತು. ಅವಳು ವೇಷ ಮರೆಸಿಕೊಂಡು ಯಾರದೋ ಅರಮನೆಯಲ್ಲಿ ನೀರು ಹೊರುತ್ತಾಳೆ. ಅಲ್ಲಿಗೆ ನಿಂತುಹೋಯಿತು.

“ಮುಂದಕ್ಕೇನಾಯ್ತು ಅತ್ತೆ ಅಂದ್ರೆ, ತಟ್ಟೆ ಬರ್ಲಿ ತಾಳೇ, ಕೇಳ್ಕಂಡ್ ಬಂದು ಯೋಳ್ತೀನಿ ಅನ್ನೋಳು,” ಎಂದಳು ಭಾಗ್ಯಮ್ಮ. “ತಟ್ಟೆ ಇಲ್ದಿದ್ರೆ ಏನು, ಓಗಿ ನಿಂತ್ಕಳಕ್ಕಾಗಕಿಲ್ವಾ ಅಂತಿದ್ದೆ. ಬರಿಗೈಲಿ ಓಗಿ ನಿಂತ್ಕಂಡ್ರೆ ಏನಂದ್ಕತಾರೆ ಅನ್ನೋಳು.”

*

ಅವರು ತಟ್ಟೆ ಇಸಿದುಕೊಂಡ ತಿಂಗಳೇ ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿ, ಎಲ್ಲರಿಗೂ ಒಂದೊಂದು ಸ್ಟೀಲ್ ಟ್ರೇ ಕೊಟ್ಟಿದ್ದರು. ಅದರಲ್ಲಿ ಗಣಗಣ ಎಂದು ಟೀ ಬಂದಾಗ ಪಕ್ಕದ ಬ್ಲಾಕಿನ ಜಯಸಿಂಹ ತಡೆಯಲಾರದೆ, “ಏನ್ರೀ ಸುಬ್ಬಯ್ಯ, ಓದೋದು ರಾಣಿ ಕಣ್ಣೀರು, ಕೇಳ್ಸೋದು ನಮ್ಮ ಪ್ರೆಸ್ ಶಾಪು,” ಎಂದಿದ್ದ. ಎಲ್ಲರೂ ನಕ್ಕರು. ಅಂದಿನಿಂದ ಟೀ ಕೊನೆಗೆ ಎಂದಾಯಿತು. ಮಂಗಳ ಹಾಡಿದ ಮೇಲೆ ಎಲ್ಲರೂ ಅಡುಗೆಮನೆಯ ಬಾಗಿಲಿಗೇ ಬಂದು ಲೋಟ ತೆಗೆದುಕೊಳ್ಳುತ್ತಿದ್ದರು. ಚಿಕ್ಕಮುನಿಯಮ್ಮ ಅಲ್ಲಿಯವರೆಗೆ ಹಿತ್ತಿಲಲ್ಲಿ ಇರುತ್ತಿದ್ದಳು. ಹಾಲಿಗೆ ಬರಬೇಡವೆಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ.

ತಟ್ಟೆ ಆಯ್ತಾ ಸ್ವಾಮಿ, ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದಳು. ಒಮ್ಮೆ ಸ್ಟಾಕು ಲೆಕ್ಕದ ಕೆಲಸ, ಒಮ್ಮೆ ಮಗಳ ಮದುವೆ. ಮದುವೆಗೆ ನೆಂಟರು ಬರುತ್ತಾರೆಂದು ಮನೆ ಒಪ್ಪ ಮಾಡುವಾಗ ತಟ್ಟೆ ಅಟ್ಟಕ್ಕೆ ಹೋಯಿತು. ಅದಾದ ಮೇಲೆ ಕೇಳಿದಾಗ ಅವರ ಬಾಯಿಂದ ಸಲೀಸಾಗಿ ಬಂದದ್ದು, “ಮೇದರವನ ಹತ್ರ ಇದೆಯಮ್ಮ. ಕೊಡ್ತಾನೆ.”

ಆಗಲಿ ಸ್ವಾಮಿ, ಎಂದಿದ್ದಳು. ಆರು ತಿಂಗಳಿಂದ ಕೇಳುವುದನ್ನೂ ಬಿಟ್ಟಿದ್ದಳು.

*

ವೆಂಕಟಸುಬ್ಬಯ್ಯನವರು ಪೇಪರು ಬಿಚ್ಚಿದರು. ಬಿಚ್ಚಿಕೊಂಡಿದ್ದ ದಬ್ಬೆ ಹಾಗೆಯೇ ಹೊರಗೆ ಚಾಚಿತು.

“ಇದೇನ್ ಸ್ವಾಮಿ, ಕಟ್ಟೇ ಇಲ್ಲ,” ಎಂದಳು ಭಾಗ್ಯಮ್ಮ.

“ಮೇದರವನ ಹತ್ರ ಇರ್ಲಿಲ್ಲಮ್ಮ. ನಾನು ಕೊಡ್ಲೇ ಇಲ್ಲ. ನಮ್ಮ ಮನೆ ಅಟ್ಟದ ಮೇಲಿತ್ತು.”

ಭಾಗ್ಯಮ್ಮ ಅವರ ಮುಖ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. ಹೆಂಗಸರಲ್ಲಿ ಯಾರೋ ಕೆಮ್ಮಿದರು. ಬಯ್ಯುತ್ತಾಳೆ ಎಂದು ಅವರು ಕಾದರು. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ತಟ್ಟೆಯ ಮೇಲಿನ ಪುಡಿ ಒರೆಸಿ, ಅಂಗಳಕ್ಕೆ ತೆಗೆದುಕೊಂಡು ಹೋಗಿ ಚಿಕ್ಕಬೈರಪ್ಪನ ಮುಂದೆ ಹಿಡಿದಳು.

ಅವನು ಮಚ್ಚು ಕೆಳಗಿಟ್ಟು ತಿರುಗಿಸಿ ನೋಡಿದ.

“ನಮ್ಮ ಭಾವ ಎಣೆದಿದ್ದು,” ಎಂದ. “ಎರಡು ನಿಮಿಸದ ಕೆಲ್ಸ ಇದು. ನಾನೇ ಕಟ್ಕೊಡ್ತೀನಿ ತತ್ತಾರಕ್ಕ ಅಂದಿದ್ದೆ. ಸ್ವಾಮಿಯೋರು ಪ್ಯಾಟೆಗೆ ಕೊಟ್ಟವ್ರೆ, ವಾಪಸ್ ಕೇಳುದ್ರೆ ಅವರ ಮಾತ್ನ ನಂಬ್ಲಿಲ್ಲ ಅಂದಂಗಾಯ್ತದೆ ಅಂದ್ಲು.”

ವೆಂಕಟಸುಬ್ಬಯ್ಯನವರು ಎದ್ದು ಬಂದಿದ್ದರು. “ಈಗ ಕಟ್ಟಕ್ಕಾಗತ್ತಾ?” ಎಂದು ಕೇಳಿದರು.

“ಆಯ್ತದೆ. ಆದ್ರೆ ಇಲ್ಲಿರೋದು ಚಟ್ಟದ ಬಿದ್ರು ಸ್ವಾಮಿ. ಚಟ್ಟಕ್ಕೆ ಅಂತ ಕಡುದ್ದು ಮನೆ ಒಳೀಕೆ ತಿರುಗ ಬರಂಗಿಲ್ಲ. ಇದ್ರಲ್ಲಿ ಕಟ್ಟುದ್ರೆ ತಟ್ಟೆನೂ ಅವಳ ಜೊತೇಲೆ ಓಗ್ಬೇಕು.” ಅವನು ಭಾಗ್ಯಮ್ಮನ ಕಡೆ ನೋಡಿದ. “ಏನಮ್ಮಾ, ನಿಮ್ಮತ್ತೆ ಗುರ್ತು ಅಂತ ಮಡಿಕ್ಕತೀಯಾ?”

ಭಾಗ್ಯಮ್ಮ ಯೋಚಿಸಲಿಲ್ಲ. “ಕಟ್ಟು ಮಾವ. ಅವಳಿಗೇ ಬೇಕಾಗಿದ್ದು.”

ಚಿಕ್ಕಬೈರಪ್ಪ ಹಸಿ ಬಿದಿರಿನ ಮೇಲ್ಸಿಪ್ಪೆಯನ್ನು ದಾರದಂತೆ ಸೀಳಿದ. ಹುಳ ತಿಂದ ಅಂಚನ್ನು ಕತ್ತರಿಸಿ, ಹೊಸ ದಬ್ಬೆಯನ್ನು ಬಾಗಿಸಿ ಕೂರಿಸಿ, ಸ್ವಾಮಿ ಇಲ್ಲಿ ಒಸಿ ಅಮುಕ್ಕಳಿ ಎಂದ. ವೆಂಕಟಸುಬ್ಬಯ್ಯನವರು ಕುಕ್ಕರಗಾಲಲ್ಲಿ ಕೂತು ಎರಡು ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಹಸಿ ಸಿಪ್ಪೆ ಅಂಚನ್ನು ಸುತ್ತಿಕೊಂಡು ಬಂತು. ಕಪ್ಪಗೆ ಹೊಗೆ ಹಿಡಿದ ಹಳೆಯ ಬಿದಿರಿನ ಪಕ್ಕದಲ್ಲಿ ಒಂದು ಗೇಣು ಹಸಿರು. ನಿಜವಾಗಿ ಎರಡು ನಿಮಿಷವೂ ಹಿಡಿಯಲಿಲ್ಲ.

ಭಾಗ್ಯಮ್ಮ ತಟ್ಟೆಗೆ ಪುರಿ, ಬಿಡಿ ಹೂವು ತುಂಬಿ ಅವರ ಕೈಗೇ ಕೊಟ್ಟಳು. ಅವರು ದನಿ ತಗ್ಗಿಸಿ, ಆ ರಾಣಿ ಕತೆ ಎಂದು ಏನೋ ಹೇಳಲು ಹೋದರು.

“ಅವಳ ಗುರ್ತು ಸಿಕ್ತಾ ಸ್ವಾಮಿ, ಅಲ್ಲಿರೋರ್ಗೆ?” ಎಂದು ಕೇಳಿದವಳು, ಅವರು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು. “ಬ್ಯಾಡಿ. ಅತ್ತೆಗೆ ಯೋಳ್ದೆ ನಂಗೆ ಯೋಳ್ಬ್ಯಾಡಿ.”

*

ಮೆರವಣಿಗೆ ಹೊರಟಿತು. ಚಟ್ಟದ ಮುಂದೆ ವೆಂಕಟಸುಬ್ಬಯ್ಯನವರು ತಟ್ಟೆ ಹಿಡಿದು ನಡೆದರು. ಚಿಕ್ಕಬೈರಪ್ಪ ಅದರಿಂದ ಪುರಿ ಬಾಚಿ ಬಾಚಿ ದಾರಿಗೆ ಎರಚುತ್ತಿದ್ದ. ತಟ್ಟೆಯ ಎರಡು ಬದಿಗೂ ಅಂಚು ಒಂದು ಹೆಬ್ಬೆರಳಿನಷ್ಟು ಅಗಲಕ್ಕೆ ಸವೆದು ನುಣುಪಾಗಿತ್ತು. ಅವರ ಬೆರಳುಗಳು ತಾವಾಗಿಯೇ ಅಲ್ಲಿ ಹೋಗಿ ಕೂತವು.

ಅರಳಿಕಟ್ಟೆಯವರೆಗೆ ಬಂದು ಹೆಂಗಸರು ನಿಂತರು. ಕಾರ್ಖಾನೆಗೆ ಜಮೀನು ಹೋದ ಮೇಲೆ ಆ ಮನೆಗೆ ಉಳಿದಿದ್ದ ಹೊಲದ ಪಟ್ಟಿಯೊಂದು ಕಾಂಪೌಂಡಿನ ಗೋಡೆಯ ಪಕ್ಕದಲ್ಲಿತ್ತು. ಅಲ್ಲಿ ನಲ್ಲಪ್ಪನ ಸಮಾಧಿ, ಅದರ ಪಕ್ಕದಲ್ಲಿ ಹೊಸ ಗುಣಿ. ಚಟ್ಟ ಇಳಿಸಿ ಕಟ್ಟು ಬಿಚ್ಚುವಾಗ ತಮಟೆ ಜೋರಾಯಿತು.

ವೆಂಕಟಸುಬ್ಬಯ್ಯನವರು ಗುಣಿಯ ತಲೆಯ ಕಡೆ ಹೋಗಿ ನಿಂತರು. ಆ ಕಾವ್ಯ ಓದಿ ಮುಗಿಸಿ, ಬೇರೊಂದು ಹಿಡಿದು ಒಂದೂವರೆ ವರ್ಷವಾಗಿತ್ತು. ಆದರೂ ಅವಳ ಪಾಲಿಗೆ ಎಲ್ಲಿ ನಿಂತಿತ್ತೆಂಬುದು ನೆನಪಿತ್ತು. ಲೋಟ ಉರುಳಿದ ಪದ್ಯ. ರಾಣಿ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಅವರು ಅಲ್ಲಿಂದ ಎತ್ತಿಕೊಂಡರು. ಲೋಟದ ಸದ್ದಿಗೆ ನಿಲ್ಲಿಸಿದ್ದವರು ಎರಡು ತಮಟೆಗಳ ಅಬ್ಬರದ ಕೆಳಗೆ ಹೇಳುತ್ತ ಹೋದರು. ಅವರ ದನಿ ಅವರ ಕಿವಿಗೇ ಬೀಳುತ್ತಿರಲಿಲ್ಲ. ತುಟಿ ಅಲುಗುವುದನ್ನು ನೋಡಿ, ಸ್ವಾಮಿಯವರು ಮಂತ್ರ ಹೇಳುತ್ತಿದ್ದಾರೆಂದು ನಾಲ್ಕು ಜನ ಕೈ ಮುಗಿದರು.

ಅವಳನ್ನು ಇಳಿಸಿದರು. ಕೃಷ್ಣಪ್ಪ ಗುಣಿಯೊಳಗೆ ಇಳಿದು, ತಾಯಿಯ ಎದೆಯ ಮೇಲೆ ತಟ್ಟೆ ಬೋರಲು ಹಾಕಿ, ಅವಳ ಎರಡು ಕೈಯನ್ನೂ ಅದರ ಅಂಚಿಗೆ ಸೇರಿಸಿ ಮೇಲೆ ಬಂದ. ರಾಣಿ ಕೊಡ ಇಳಿಸಿದ್ದಳು. ಅವಳ ಗುರುತು ಸಿಗಲು ಇನ್ನು ಮೂರು ಪದ್ಯ ಇದ್ದವು.

ತಮಟೆ ನಿಂತಿತು. ಒಮ್ಮೆಗೇ ಎಲ್ಲ ಮೌನವಾಗಿ, ಅವರ ದನಿಯೊಂದೇ ಬಯಲಿನಲ್ಲಿ ಉಳಿಯಿತು. ಎಲ್ಲರೂ ತಿರುಗಿ ನೋಡಿದರು. ಅವರು ನಾಚಿ ನಿಲ್ಲಿಸಿದರು.

“ಮಣ್ಣಾಕಿ ಸ್ವಾಮಿ,” ಎಂದ ಚಿಕ್ಕಬೈರಪ್ಪ.

ಅವರು ಬಗ್ಗಿ ಒಂದು ಹಿಡಿ ತೆಗೆದುಕೊಂಡು ಕೈ ಬಿಟ್ಟರು. ಕೆಮ್ಮಣ್ಣು ತಟ್ಟೆಯ ಮೇಲೆ, ಆ ಹಸಿರು ಅಂಚಿನ ಮೇಲೆ ಬಿತ್ತು. ಒಂದಿಷ್ಟೂ ಸದ್ದಾಗಲಿಲ್ಲ.